ಆರೇ ಕಾಲೊನಿಯ ವಾರ್ಲಿ ಚಿತ್ರಕಲೆ

ಮುಂಬಯಿಯ ಪಶ್ಚಿಮ ಉಪನಗರವಾದ ಗೋರೆಗಾಂವ್‌ನ ಆರೇ ಕಾಲೊನಿಯಲ್ಲಿ ನೆಲೆಸಿರುವ ವಾರ್ಲಿ ಆದಿವಾಸಿಗಳ ಭಿತ್ತಿಚಿತ್ರ ಪರಂಪರೆ. ಇದರ ತವರು ಉತ್ತರದ ಪಾಲ್‌ಘರ್ ಜಿಲ್ಲೆಯ ಡಹಾಣು, ತಲಾಸರಿ, ಜವ್ಹಾರ್ ಪ್ರದೇಶ. 1949ರಲ್ಲಿ ಹಾಲಿನ ಕಾಲೊನಿ ಸ್ಥಾಪನೆಯಾಗಿ ಎಮ್ಮೆಯ ತಬೇಲಾಗಳು ಬರುವ ಮೊದಲೇ ವಾರ್ಲಿಗಳು ಇಲ್ಲಿದ್ದರು. ಅವರ ಹಾಡಿಗಳಿಗೆ ಪಾಡಾ ಎಂದು ಹೆಸರು. ಒಂದು ಬದಿಗೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡು, ಇನ್ನೊಂದು ಬದಿಗೆ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ.

ಸಗಣಿ ಸಾರಿಸಿ ಕೆಮ್ಮಣ್ಣು ಬಳಿದ ಗೋಡೆ, ನೀರು ಮತ್ತು ಗೋಂದು ಬೆರೆಸಿದ ಅಕ್ಕಿಹಿಟ್ಟು, ತುದಿ ಜಗಿದು ಕುಂಚದಂತೆ ಮಾಡಿಕೊಂಡ ಬಿದಿರುಕಡ್ಡಿ: ಸಾಮಗ್ರಿ ಇಷ್ಟೇ. ಸಾಗರ, ಸೊರಬದ ದೀವರ ಮನೆಗಳ ಹಸೆ ಚಿತ್ತಾರ ಕಂಡವರಿಗೆ ಈ ಕೆಂಪು ಬಿಳುಪು ಹೊಸದಲ್ಲ. ಅಲ್ಲಿ ಕುಂಚ ಪುಂಡಿನಾರಿನದು. ಅಲ್ಲಿಯಂತೆ ಇಲ್ಲಿಯೂ ಮದುವೆಗೆ ಗೋಡೆ ಬರೆಯುವವರು ಹೆಂಗಸರೇ. ಚಿತ್ತಾರದಲ್ಲಿ ಗೆರೆಯ ಹೆಣಿಗೆ ಮುಖ್ಯವಾದರೆ ವಾರ್ಲಿಯಲ್ಲಿ ಚಲನೆ ಮುಖ್ಯ. ಎರಡು ತ್ರಿಕೋನಗಳ ಮೊನೆ ಕೂಡಿದರೆ ಮನುಷ್ಯನ ಮೈ, ಮೇಲೊಂದು ದುಂಡು ತಲೆ, ಕಡ್ಡಿಯಂಥ ಕೈಕಾಲು. ಸೊಂಟ ಒಂದೇ ಚುಕ್ಕಿಯಷ್ಟಿರುವುದರಿಂದ ಆಕೃತಿ ನಿಂತಲ್ಲೇ ಬಳುಕಿದಂತೆ ಕಾಣುತ್ತದೆ.

ಪರಂಪರೆಯ ಕೇಂದ್ರ ಲಗ್ನಚೌಕ. ಸುವಾಸಿನಿಯರು ಬರೆಯುವ ಈ ಚೌಕದೊಳಗೆ ಸಸ್ಯಸಮೃದ್ಧಿಯ ದೇವತೆ ಪಾಲಘಾಟ್. ಜೊತೆಗೆ ಸೂರ್ಯ, ಚಂದ್ರ, ಏಣಿ, ಬಾಚಣಿಗೆ. ಆಕಾಶಕಾಯಗಳ ಪಕ್ಕದಲ್ಲೇ ತಲೆ ಬಾಚುವ ಹಣಿಗೆ! ಚೌಕದ ಹೊರಗೆ ಮರ, ಪ್ರಾಣಿ, ಕುಣಿಯುವ ಜನ. ಧವಳೇರಿ ಎಂಬ ಪೂಜಾರಿಣಿ ಹಾಡಿನ ಮೂಲಕ ಮದುವೆ ನಡೆಸಿಕೊಡುತ್ತಾಳೆ.

ಈ ಚಿತ್ರಗಳಲ್ಲಿ ದಿಗಂತವಿಲ್ಲ, ನೆರಳಿಲ್ಲ. ಮನುಷ್ಯನಷ್ಟೇ ದೊಡ್ಡ ಇರುವೆ ಬರಬಹುದು, ನೆಲದೊಳಗಿನ ಬೀಜ ಮತ್ತು ಆಕಾಶದ ಚಂದ್ರ ಒಂದೇ ನೋಟಕ್ಕೆ ಸಿಗಬಹುದು. ಹೀಗಾಗಿ ನೋಡುಗರಿಗೆ ಅತಿವಾಸ್ತವವಾದ ನೆನಪಾಗುವುದು ಸಹಜ. ಆದರೆ 1924ರಲ್ಲಿ ಪ್ಯಾರಿಸ್‌ನಲ್ಲಿ ಆಂದ್ರೆ ಬ್ರೆಟನ್ ಪ್ರಣಾಳಿಕೆ ಹೊರಡಿಸಿದ ಆ ಪಂಥ ಒಬ್ಬ ವ್ಯಕ್ತಿಯ ಕನಸು, ಸುಪ್ತಮನಸ್ಸುಗಳನ್ನು ನೆಚ್ಚಿಕೊಂಡದ್ದು. ವಾರ್ಲಿ ಚಿತ್ರದ ವಿಚಿತ್ರ ಇಡೀ ಊರಿಗೆ ಗೊತ್ತಿರುವಂಥದು. ಇಲ್ಲಿ ಪ್ರಕೃತಿ ಮನುಷ್ಯನ ಹಿಂದೆ ಕಟ್ಟಿದ ಪರದೆಯಲ್ಲ. ಮರ, ಇರುವೆ, ಚಂದ್ರ ಎಲ್ಲರೂ ಸಂಸಾರದವರೇ.

1970ರ ದಶಕದಲ್ಲಿ ಕಲಾವಿದ ಭಾಸ್ಕರ ಕುಲಕರ್ಣಿ ಅವರ ಪ್ರಯತ್ನದಿಂದ ಗೋಡೆಯ ಚಿತ್ರ ಕಾಗದಕ್ಕೂ ಬಟ್ಟೆಗೂ ಇಳಿಯಿತು. ಡಹಾಣು ಕಡೆಯ ಜೀವ್ಯಾ ಸೋಮಾ ಮಾಶೆ (1934–2018) ಮದುವೆಯ ಹಂಗಿಲ್ಲದೆ ದಿನವೂ ಬರೆದರು. ಅವರ ಮೀನುಬಲೆಯ ಚಿತ್ರಗಳಲ್ಲಿ ಸಾವಿರಾರು ನವಿರು ಗೆರೆಗಳು ಸೇರಿ ಬಲೆಯೇ ಒಂದು ಲೋಕವಾಗುತ್ತದೆ. 1989ರ ಪ್ಯಾರಿಸ್ ಪ್ರದರ್ಶನ ‘ಮಾಜಿಸಿಯಾಂ ದ ಲಾ ತೇರ್’ನಲ್ಲಿ ಅವರ ಕೃತಿಗಳಿದ್ದವು, 2011ರಲ್ಲಿ ಪದ್ಮಶ್ರೀ ಬಂತು. ಹೆಸರು ಗಂಡಸರಿಗೆ ಬಂತು, ಚೌಕ ಬರೆದ ಹೆಂಗಸರು ಹೆಸರಿಲ್ಲದೇ ಉಳಿದರು ಎಂಬುದೂ ಈ ಚರಿತ್ರೆಯದೇ ಭಾಗ.

ಆರೇಯಲ್ಲಿ ಇಂದಿಗೂ ಚಿರತೆ ಓಡಾಡುತ್ತದೆ. ಹುಲಿ, ಚಿರತೆಗಳ ದೈವ ವಾಘೋಬಾನಿಗೆ ದೀಪಾವಳಿಗೆ ಮುಂಚಿನ ವಾಘಬಾರಸದಂದು ಪೂಜೆ. ತುಳುನಾಡಿನಿಂದ ಮುಂಬಯಿಗೆ ಬಂದವರಿಗೆ ತಮ್ಮೂರ ಹುಲಿದೈವ ಪಿಲಿಚಾಮುಂಡಿ ನೆನಪಾದರೆ ಆಶ್ಚರ್ಯವಿಲ್ಲ. ವಾಘೋಬಾನ ಮರದ ಹಲಗೆಗಳಲ್ಲೂ ಹುಲಿಯ ಜೊತೆ ಸೂರ್ಯಚಂದ್ರರನ್ನು ಕೆತ್ತುವ ರೂಢಿಯಿದೆ. 2019ರ ಅಕ್ಟೋಬರ್‌ನಲ್ಲಿ ಮೆಟ್ರೊ ಕಾರ್‌ಶೆಡ್‌ಗಾಗಿ ಇಲ್ಲಿ 2,000ಕ್ಕೂ ಹೆಚ್ಚು ಮರಗಳು ಉರುಳಿದವು. ಸುಪ್ರೀಂ ಕೋರ್ಟ್ ತಡೆ ನೀಡಿದ್ದು ಅಕ್ಟೋಬರ್ 7ರಂದು. ಮರ ಉಳಿಸುವ ಚಳವಳಿಯಲ್ಲಿ ಪಾಡಾದವರೂ ಬೀದಿಗಿಳಿದಿದ್ದರು. 2024ರಲ್ಲಿ ಆರೇಯಿಂದ ಮೆಟ್ರೊ ಓಡಲು ಶುರುವಾಯಿತು.

ಕಲೆಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದ್ದರೂ ಕುರ್ತಾ, ದಿಂಬುಗವಸುಗಳ ಮೇಲಿನ ಅಚ್ಚು ನಿಂತಿಲ್ಲ. ವಾರ್ಲಿ ಚಿತ್ರಗಳಲ್ಲಿ ಕಾಣುವ, ತಾರ್ಪಾ ಎಂಬ ಊದುವ ವಾದ್ಯದ ಕುಣಿತದಲ್ಲಿ ನಡುವೆ ಊದುವವನಿರುತ್ತಾನೆ. ಸುತ್ತ ಸುರುಳಿಯಾಗಿ ಕುಣಿಯುವವರು ಅವನಿಗೆ ಬೆನ್ನು ತೋರಿಸುವುದಿಲ್ಲ. ಅಂಗಡಿಯ ಎಷ್ಟೋ ಬಟ್ಟೆಗಳಲ್ಲಿ ಸುರುಳಿ ಉಳಿದಿದೆ, ತಾರ್ಪಾದವನನ್ನು ಕೈಬಿಟ್ಟಿದ್ದಾರೆ.