ಐದು ಕೆಲಸದ ಒಂದು ಯಂತ್ರ, ಅದರ ಒಂದು ಸಣ್ಣ ತಿರುಪು

ಮೂವತ್ತು ವರ್ಷಗಳಿಗೂ ಮಿಕ್ಕಿ ಸಮಾಜ ವಿಜ್ಞಾನ ಬೋಧಿಸಿದವನು ಮರಗೆಲಸದ ಯಂತ್ರವೊಂದರ ಬಗ್ಗೆ ಬರೆಯಲು ಹೊರಟಿರುವುದನ್ನು ಕಂಡು ನಿಮಗೆ ಅಚ್ಚರಿಯಾಗಬಹುದು. ಆದರೆ ಈ ಯಂತ್ರಕ್ಕೊಂದು ಇತಿಹಾಸವಿದೆ. ಆ ಇತಿಹಾಸವನ್ನು ಹಿಂಬಾಲಿಸಿ ಹೋದಾಗ, ನಾನೇ ನನ್ನ ಕೈಯಾರೆ ಬರೆದ ಒಂದು ತಪ್ಪು ವಾಕ್ಯದ ಎದುರು ಬಂದು ನಿಂತೆ. ಅದನ್ನು ಕೊನೆಗೆ ಹೇಳುತ್ತೇನೆ.

2024ರ ಬೇಸಿಗೆಯಲ್ಲಿ ನಾನು ಕ್ಯಾಲಿಫೋರ್ನಿಯಾದಲ್ಲಿರುವ ಮಗನ ಮನೆಯಲ್ಲಿದ್ದೆ. ಅಲ್ಲಿ ವಯಸ್ಸಾದವರು ಮನೆ ಖಾಲಿ ಮಾಡುವಾಗ ಸಾಮಾನುಗಳನ್ನು ಗ್ಯಾರೇಜಿನ ಮುಂದೆ ಹರಡಿ ಮಾರುವ ಪದ್ಧತಿಯಿದೆ. ಒಂದು ಶನಿವಾರ ಮಗ ಅಂಥ ಕಡೆಯಿಂದ ತುಕ್ಕು ಹಿಡಿದ ದೊಡ್ಡದೊಂದು ಕಬ್ಬಿಣದ ಅಸ್ಥಿಪಂಜರವನ್ನು ತಂದಿಳಿಸಿದ. ಉದ್ದನೆಯ ಎರಡು ಉಕ್ಕಿನ ಕೊಳವೆಗಳು, ಅವುಗಳ ಮೇಲೆ ಜಾರುವ ಭಾರದ ತಲೆಭಾಗ, ಹಿಂದೆ ಒಂದು ಮೋಟಾರು, ಪಕ್ಕದಲ್ಲೊಂದು ಚಿಕ್ಕ ಮೇಜು. “ಇದೇನಪ್ಪಾ, ಗುಜರಿಗೆ ಹಾಕುವುದನ್ನು ಮನೆಗೆ ತಂದೆ?” ಎಂದೆ. “ಅಪ್ಪಾ, ಇದು ನಿಮಗಿಂತ ಹಿರಿಯದು, ಸ್ವಲ್ಪ ಮರ್ಯಾದೆ ಕೊಡಿ” ಎಂದು ನಕ್ಕ. ಅದು 1940ರ ದಶಕದ ಕೊನೆಯಲ್ಲಿ ತಯಾರಾದ ಶಾಪ್‌ಸ್ಮಿತ್ ಟೆನ್‌ಇಆರ್ ಎಂಬ ಮಾದರಿ.

ನಮ್ಮ ಊರಿನ ಬಡಗಿಗೆ ಬಾಚಿ, ಉಳಿ, ಗರಗಸ, ಬೈರಿಗೆ, ಕೊಡತಿ ಎಲ್ಲವೂ ಬೇರೆ ಬೇರೆ; ಅವನ್ನು ನಡೆಸುವ ತೋಳು ಮಾತ್ರ ಒಂದೇ. ಬಹೂಪಯೋಗಿ ಯಂತ್ರದ ತತ್ತ್ವವೂ ಇದೇ. ತೋಳಿನ ಜಾಗದಲ್ಲಿ ಒಂದು ಮೋಟಾರು. ಅದು ತಿರುಗಿಸುವ ಒಂದು ದಂಡ. ಆ ದಂಡಕ್ಕೆ ದುಂಡು ಗರಗಸದ ಅಲಗನ್ನು ಸಿಕ್ಕಿಸಿದರೆ ಹಲಗೆ ಕೊಯ್ಯುವ ಯಂತ್ರ. ಮರಳುಕಾಗದದ ತಟ್ಟೆ ಸಿಕ್ಕಿಸಿದರೆ ಉಜ್ಜಿ ನಯಮಾಡುವ ಯಂತ್ರ. ಮರದ ತುಂಡನ್ನು ಎರಡು ತುದಿಗಳ ನಡುವೆ ಹಿಡಿಸಿದರೆ ಲೇಥು. ಕೊರೆಯುವ ಬಿಟ್ ಹಾಕಿದರೆ ಅಡ್ಡಲಾಗಿ ತೂತು ಕೊರೆಯುವ ಯಂತ್ರ. ಕೊಳವೆಗಳ ಸಮೇತ ಇಡೀ ಯಂತ್ರವನ್ನು ಮೇಲಕ್ಕೆತ್ತಿ ನೆಟ್ಟಗೆ ನಿಲ್ಲಿಸಿದರೆ ಅದೇ ಬಿಟ್ ಮೇಲಿನಿಂದ ಕೆಳಕ್ಕೆ ಕೊರೆಯುತ್ತದೆ. ಹೀಗೆ ಒಟ್ಟು ಐದು ಕೆಲಸ.

ಈ ಕಲ್ಪನೆಯನ್ನು ರೂಪಿಸಿದವರು ಹ್ಯಾನ್ಸ್ ಗೋಲ್ಡ್‌ಶ್ಮಿಟ್. ಹಿಟ್ಲರನ ಆಳ್ವಿಕೆಯ ಕಾಲದಲ್ಲಿ, 1937ರಲ್ಲಿ, ಜರ್ಮನಿಯನ್ನು ಬಿಟ್ಟು ಅಮೆರಿಕಕ್ಕೆ ಬಂದವರು. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ನೆಲೆಸಿದ್ದ ಅವರು ಚೇಂಬರ್ಸ್ ಸಹೋದರರೊಡನೆ ಸೇರಿ ಮ್ಯಾಗ್ನಾ ಎಂಬ ಕಂಪನಿಯ ಮೂಲಕ ಯಂತ್ರವನ್ನು ತಯಾರಿಸಿದರು. ಅಂಚೆಯ ಮೂಲಕ ಸಾಮಾನು ಮಾರುವುದರಲ್ಲಿ 1872ರಿಂದಲೇ ಹೆಸರಾಗಿದ್ದ ಮಾಂಟ್ಗೊಮರಿ ವಾರ್ಡ್ ಸಂಸ್ಥೆ ಅದನ್ನು ಮಾರಾಟಕ್ಕಿಟ್ಟಿತು.

ಕಾಲವೂ ಅದಕ್ಕೆ ಒದಗಿಬಂತು. ಎರಡನೆಯ ಮಹಾಯುದ್ಧ 1945ರಲ್ಲಿ ಮುಗಿದು ಲಕ್ಷಾಂತರ ಸೈನಿಕರು ಮನೆಗೆ ಮರಳಿದ್ದರು. 1944ರಲ್ಲಿ ಅಂಗೀಕಾರವಾದ ಕಾಯ್ದೆಯೊಂದು ಅವರಿಗೆ ಓದಲು ನೆರವನ್ನೂ ಮನೆ ಕೊಳ್ಳಲು ಸಾಲದ ಖಾತರಿಯನ್ನೂ ಕೊಟ್ಟಿತು. ಸಾಲು ಸಾಲು ಚಿಕ್ಕ ಮನೆಗಳು ಎದ್ದವು. ಮನೆಯಿದೆ, ಪೀಠೋಪಕರಣಗಳಿಲ್ಲ, ಗ್ಯಾರೇಜಿದೆ, ಅದರಲ್ಲಿ ಕಾರು ನಿಲ್ಲಿಸಿದರೆ ಉಳಿಯುವುದು ಮೊಳದಷ್ಟು ಜಾಗ. ಐದು ಯಂತ್ರ ಕೊಳ್ಳಲು ಐದು ಮೋಟಾರುಗಳ ಬೆಲೆ ತೆರಬೇಕು. ಒಂದೇ ಮೋಟಾರಿನಲ್ಲಿ ಐದು ಕೆಲಸ, ಅದೂ ಗೋಡೆಯ ಬದಿಯಲ್ಲಿ ಅಡಗುವ ಯಂತ್ರ ಎಂದರೆ ಅಂಥ ಗೃಹಸ್ಥನಿಗೆ ಬೇರೇನು ಬೇಕು?

ಇನ್ನು ಜೀರ್ಣೋದ್ಧಾರದ ಕಥೆ. ನನ್ನ ಪಾಲಿಗೆ ಬಂದದ್ದು ಗುಮಾಸ್ತನ ಕೆಲಸ. ಮಗ ಒಂದೊಂದೇ ಭಾಗವನ್ನು ಬಿಚ್ಚುತ್ತಿದ್ದ. ನಾನು ಅದರ ಫೋಟೋ ತೆಗೆದು, ತಿರುಪುಗಳನ್ನು ಬೇರೆ ಬೇರೆ ಚೀಲಗಳಲ್ಲಿ ಹಾಕಿ, ಯಾವುದು ಎಲ್ಲಿಯದೆಂದು ಚೀಟಿ ಬರೆದು ಅಂಟಿಸುತ್ತಿದ್ದೆ. ಬಿಚ್ಚಿದ ಕ್ರಮವನ್ನು ಬರೆದಿಡದೆ ಹಳೆಯ ಯಂತ್ರವನ್ನು ಬಿಚ್ಚುವುದು, ಪುಟಸಂಖ್ಯೆಯಿಲ್ಲದ ಓಲೆಗರಿಯ ಕಟ್ಟಿನ ದಾರ ಬಿಡಿಸಿದಂತೆ.

ತುಕ್ಕು ಹಿಡಿದ ಚಿಕ್ಕ ಭಾಗಗಳನ್ನು ಒಂದು ರಾತ್ರಿ ವಿನಿಗರ್‌ನಲ್ಲಿ ಮುಳುಗಿಸಿಟ್ಟು, ಮರುದಿನ ತೊಳೆದು, ಒಡನೆಯೇ ಒರೆಸಿ ಒಣಗಿಸಿದೆವು. ಒಣಗಿಸುವುದು ತಡವಾದರೆ ಗಂಟೆಯೊಳಗೆ ಹೊಸ ತುಕ್ಕು ಮೂಡುತ್ತದೆ. ಉಕ್ಕಿನ ಕೊಳವೆಗಳನ್ನು ಉಕ್ಕಿನ ನಾರಿನಿಂದ ಉಜ್ಜಿ ಹೊಳಪು ತಂದು, ಎಣ್ಣೆಯ ಬದಲು ಮೇಣ ಹಚ್ಚಿದೆವು. ಎಣ್ಣೆ ಹಚ್ಚಿದರೆ ಮರದ ಹುಡಿ ಅಂಟಿಕೊಂಡು ತಲೆಭಾಗ ಜಾರುವುದು ಕಷ್ಟವಾಗುತ್ತದೆ. ಹಳೆಯ ಬಣ್ಣವನ್ನು ಒಣ ಮರಳುಕಾಗದದಿಂದ ಉಜ್ಜಲು ಮಗ ಬಿಡಲಿಲ್ಲ. ಅಮೆರಿಕದಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸ ಬೆರೆಸುವುದನ್ನು ನಿಷೇಧಿಸಿದ್ದು 1978ರಲ್ಲಿ. ಅದಕ್ಕಿಂತ ಹಳೆಯ ಬಣ್ಣದ ಹುಡಿಯನ್ನು ಉಸಿರಾಡುವುದು ಅಪಾಯ, ಅದರಲ್ಲೂ ಮಕ್ಕಳಿರುವ ಮನೆಯಲ್ಲಿ. ಮೋಟಾರಿನ ತಂತಿಯ ರಬ್ಬರು ಹೊದಿಕೆ ಕೈ ಸೋಕಿದರೆ ಪುಡಿಯಾಗುತ್ತಿತ್ತು. ಹೊಸ ತಂತಿ, ಭೂಸಂಪರ್ಕವಿರುವ ಮೂರು ಪಿನ್ನಿನ ಪ್ಲಗ್ಗು, ಹೊಸ ಬೇರಿಂಗುಗಳು ಮತ್ತು ಹೊಸ ಬೆಲ್ಟು ಹಾಕಿದೆವು.

ಏಳನೆಯ ವಾರದಲ್ಲಿ ಯಂತ್ರ ಮತ್ತೆ ತಿರುಗಿತು. ಮನೆಮಂದಿಯೆಲ್ಲ ಚಪ್ಪಾಳೆ ತಟ್ಟಿದರು. ಮೊಮ್ಮಗಳು “ತಾತ, ನನಗೊಂದು ಬುಗುರಿ ಮಾಡಿಕೊಡಿ” ಎಂದಳು. ಮಗ ಮಾತ್ರ ಸ್ವಿಚ್ ಆರಿಸಿ, ಬೆರಳಿನಷ್ಟೂ ಇಲ್ಲದ ಒಂದು ತಿರುಪನ್ನು ಬಿಚ್ಚಿ ನನ್ನ ಅಂಗೈಯಲ್ಲಿಟ್ಟ. ಅದರ ಆರು ಮೂಲೆಯ ಕುಳಿ ಸವೆದು ದುಂಡಗಾಗಿತ್ತು. ಕೀಲಿ ಹಾಕಿ ತಿರುಗಿಸಿದರೆ ಜಾರುತ್ತಿತ್ತು. ಇದಕ್ಕೆ ಸೆಟ್ ಸ್ಕ್ರೂ ಎನ್ನುತ್ತಾರೆ. ಸಿಕ್ಕಿಸಿದ ಭಾಗವು ದಂಡದಿಂದ ಕಳಚದಂತೆ ಒತ್ತಿ ಹಿಡಿಯುವುದು ಇದೇ. “ಬುಗುರಿಗೆ ಇನ್ನೊಂದು ವಾರ ತಡೆಯಬೇಕು. ಈ ಜಾತಿಯ ತಿರುಪಿನಿಂದಲೇ ಅಮೆರಿಕದ ಕಾನೂನು ಬದಲಾಯಿತು, ಗೊತ್ತೇ ಅಪ್ಪಾ?” ಎಂದ. ನನಗೆ ಗೊತ್ತಿರಲಿಲ್ಲ. ಆ ರಾತ್ರಿ ಕುಳಿತು ಓದಿದೆ.

1955ರ ಕ್ರಿಸ್ಮಸ್ಸಿಗೆ ಕ್ಯಾಲಿಫೋರ್ನಿಯಾದ ವಿಲಿಯಂ ಗ್ರೀನ್‌ಮನ್ ಎಂಬುವರಿಗೆ ಅವರ ಪತ್ನಿ ಶಾಪ್‌ಸ್ಮಿತ್ ಯಂತ್ರವೊಂದನ್ನು ಉಡುಗೊರೆಯಾಗಿ ಕೊಟ್ಟರು. ಅಂಗಡಿಯಲ್ಲಿ ಅದರ ಪ್ರಾತ್ಯಕ್ಷಿಕೆ ನೋಡಿ, ತಯಾರಕರ ಕಿರುಹೊತ್ತಗೆಯನ್ನು ಓದಿ ಅವರು ಅದನ್ನು ಬಯಸಿದ್ದರು. 1957ರಲ್ಲಿ ಲೇಥಿಗೆ ಬೇಕಾದ ಭಾಗಗಳನ್ನು ಕೊಂಡು, ದೊಡ್ಡದೊಂದು ಮರದ ತುಂಡಿನಿಂದ ಪಾನಪಾತ್ರೆ ಕಡೆಯಲು ತೊಡಗಿದರು. ಹಲವು ಸಲ ತೊಂದರೆಯಿಲ್ಲದೆ ಕೆಲಸ ಸಾಗಿತು. ಒಂದು ದಿನ ಆ ಮರ ಯಂತ್ರದಿಂದ ಹಾರಿ ಅವರ ಹಣೆಗೆ ಬಡಿದು ತೀವ್ರ ಗಾಯವಾಯಿತು.

ಅವರು ಅಂಗಡಿಯವರ ಮೇಲೂ ತಯಾರಕರ ಮೇಲೂ ದಾವೆ ಹೂಡಿದರು. ಭಾಗಗಳನ್ನು ಹಿಡಿದಿಡಲು ಬಳಸಿದ ಸೆಟ್ ಸ್ಕ್ರೂಗಳು ಸಾಲದಾದ್ದರಿಂದ, ಯಂತ್ರದ ಸಹಜ ಕಂಪನಕ್ಕೇ ಮರದ ತುದಿಯನ್ನು ಹಿಡಿಯುವ ಟೇಲ್‌ಸ್ಟಾಕ್ ಹಿಂದೆ ಸರಿದಿತ್ತು ಎಂದು ತಜ್ಞರು ಸಾಕ್ಷ್ಯ ನುಡಿದರು. ಇನ್ನೂ ಭದ್ರವಾಗಿ ಬಿಗಿಯುವ ದಾರಿಗಳಿದ್ದವು ಎಂದೂ ಹೇಳಿದರು. ಅಂಗಡಿಯವರ ಮೇಲಿನ ಆರೋಪ ನಿಲ್ಲಲಿಲ್ಲ. ತಯಾರಕ ಕಂಪನಿ 65,000 ಡಾಲರ್ ಪರಿಹಾರ ಕೊಡಬೇಕೆಂದು ಜ್ಯೂರಿ ತೀರ್ಮಾನಿಸಿತು. ಕಂಪನಿ ಮೇಲ್ಮನವಿ ಹೋಯಿತು. ಗಾಯವಾಗಿ ಹತ್ತೂವರೆ ತಿಂಗಳ ಮೇಲೆ ನೋಟಿಸು ಕೊಟ್ಟದ್ದು ತಡವಾಯಿತು, ಆದ್ದರಿಂದ ಖಾತರಿಯ ಹಕ್ಕು ಬಿದ್ದುಹೋಯಿತು ಎಂಬುದು ಅದರ ವಾದ.

1963ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು ಆ ವಾದವನ್ನು ತಳ್ಳಿಹಾಕಿತು. ತೀರ್ಪು ಬರೆದವರು ನ್ಯಾಯಮೂರ್ತಿ ರೋಜರ್ ಟ್ರೇನರ್. ಕೊಂಡವನು ಒಳಹೊಕ್ಕು ಪರೀಕ್ಷಿಸದೆಯೇ ಬಳಸುತ್ತಾನೆಂದು ತಿಳಿದೂ ಒಂದು ವಸ್ತುವನ್ನು ಮಾರುಕಟ್ಟೆಗೆ ಬಿಟ್ಟ ಮೇಲೆ, ಅದರ ದೋಷದಿಂದ ಮನುಷ್ಯನಿಗೆ ಗಾಯವಾದರೆ ತಯಾರಕನೇ ಹೊಣೆ. ಅವನ ಅಜಾಗರೂಕತೆಯನ್ನು ಸಾಬೀತುಪಡಿಸಬೇಕಾಗಿಲ್ಲ, ಖಾತರಿಯ ಷರತ್ತುಗಳೂ ಅಡ್ಡಬರಲಾರವು ಎಂಬುದು ತೀರ್ಪಿನ ಸಾರ. 1944ರಲ್ಲಿ, ಪಾನೀಯದ ಬಾಟಲಿಯೊಂದು ಸಿಡಿದು ಹೋಟೆಲಿನ ಪರಿಚಾರಕಿಯೊಬ್ಬಳಿಗೆ ಗಾಯವಾದ ಮೊಕದ್ದಮೆಯಲ್ಲಿ ಇದೇ ಟ್ರೇನರ್ ಇದೇ ಮಾತನ್ನು ಪ್ರತ್ಯೇಕ ಅಭಿಪ್ರಾಯವಾಗಿ ಬರೆದಿದ್ದರು. ಅಂದು ಒಬ್ಬರ ಅಭಿಪ್ರಾಯವಾಗಿದ್ದದ್ದು ಹತ್ತೊಂಬತ್ತು ವರ್ಷಗಳ ಬಳಿಕ ನ್ಯಾಯಾಲಯದ ತೀರ್ಪಾಯಿತು. ಕ್ರಮೇಣ ಇತರ ರಾಜ್ಯಗಳಿಗೂ ಹರಡಿತು. ಇಂದಿಗೂ ಅಮೆರಿಕದ ಕಾನೂನು ವಿದ್ಯಾರ್ಥಿಗಳು ಈ ಮೊಕದ್ದಮೆಯನ್ನು ಓದುತ್ತಾರೆ.

ನಮ್ಮ ದೇಶದಲ್ಲಿ 1948ರ ಕಾರ್ಖಾನೆ ಕಾಯ್ದೆಯ 21ನೆಯ ವಿಭಾಗ, ಯಂತ್ರದ ಅಪಾಯಕಾರಿ ಭಾಗಗಳಿಗೆ ಭದ್ರವಾದ ಆವರಣವಿರಬೇಕೆಂದು ವಿಧಿಸಿತು. ಅದು ಕಾರ್ಖಾನೆಗಳ ಮಾತು. ಗ್ರಾಹಕನ ನೆರವಿಗೆ 1986ರಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದಿತು. ತಯಾರಕನ ಉತ್ಪನ್ನ ಹೊಣೆಗಾರಿಕೆಗೆಂದೇ ಒಂದು ಅಧ್ಯಾಯ ಸೇರಿದ್ದು 2019ರ ಹೊಸ ಕಾಯ್ದೆಯಲ್ಲಿ. ಅದು ಜಾರಿಗೆ ಬಂದದ್ದು 2020ರ ಜುಲೈಯಲ್ಲಿ.

ಇಷ್ಟನ್ನು ಓದಿ ಮಲಗಿದವನಿಗೆ ನಿದ್ರೆ ಬರಲಿಲ್ಲ. ಆ ರಾತ್ರಿ ನೆನಪಾದದ್ದು ಅಮೆರಿಕವಲ್ಲ, ನಮ್ಮ ಶಾಲೆಯ ಹಿಂಬದಿಯ ಹೆಂಚಿನ ಕೊಠಡಿ.

1952–53ರ ಮುದಲಿಯಾರ್ ಆಯೋಗ ದೇಶದಲ್ಲಿ ವಿವಿಧೋದ್ದೇಶ ಪ್ರೌಢಶಾಲೆಗಳು ಬೇಕೆಂದು ಶಿಫಾರಸು ಮಾಡಿತ್ತು. ಪಾಠದೊಡನೆ ಮಕ್ಕಳಿಗೆ ಕೈಕಸುಬೂ ಬರಲಿ ಎಂಬ ಒಳ್ಳೆಯ ಆಶಯ. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ನಮ್ಮಲ್ಲಿ ಆ ಆಶಯದ ಗುರುತಾಗಿ ಉಳಿದಿದ್ದದ್ದು ಒಂದು ಮರಗೆಲಸದ ಕೊಠಡಿ, ಅದರಲ್ಲೊಂದು ಹಳೆಯ ಲೇಥು. ನಾನು ಸೇರಿದ ಮೂರನೆಯ ವರ್ಷ, ಒಂಬತ್ತನೆಯ ತರಗತಿಯ ಹುಡುಗನೊಬ್ಬ ಅದರಲ್ಲಿ ಲಟ್ಟಣಿಗೆ ಕಡೆಯುತ್ತಿದ್ದಾಗ ಮರ ಹಾರಿ ಅವನ ಹುಬ್ಬಿನ ಮೇಲೆ ಬಡಿಯಿತು. ಹೊಲಿಗೆ ಬಿದ್ದವು, ಕಣ್ಣು ಉಳಿದದ್ದು ದೈವಕೃಪೆ. ನನ್ನ ಅಕ್ಷರ ದುಂಡಗಿತ್ತೆಂದು ವರದಿ ಬರೆಯುವ ಕೆಲಸ ನನಗೆ ಬಂತು. ನಾನು ಬರೆದೆ: “ವಿದ್ಯಾರ್ಥಿಯ ಅಜಾಗರೂಕತೆಯಿಂದ ಅವಘಡ ಸಂಭವಿಸಿದೆ.”

ಬರೆಯುವ ಮುನ್ನ ನಾನು ಆ ಕೊಠಡಿಗೆ ಹೋಗಲಿಲ್ಲ. ತಿರುಪು ಬಿಗಿಯಿತ್ತೇ, ಸವೆದಿತ್ತೇ ಎಂದು ಮುಟ್ಟಿ ನೋಡಲಿಲ್ಲ. ಹುಡುಗ “ಸಾರ್, ನಾನು ಸರಿಯಾಗಿಯೇ ಬಿಗಿದಿದ್ದೆ, ತಾನಾಗಿ ಸಡಿಲವಾಯಿತು” ಎಂದು ಎರಡು ಸಲ ಹೇಳಿದ್ದ. ಅದನ್ನು ನೆಪವೆಂದೇ ತಿಳಿದೆ. ಅವನ ತಂದೆಯೂ ನನ್ನೆದುರೇ ಅವನನ್ನು ಗದರಿದರು. ಇತಿಹಾಸದ ಪಾಠದಲ್ಲಿ ಆಧಾರವಿಲ್ಲದೆ ತೀರ್ಮಾನಿಸಬಾರದೆಂದು ಹಲಗೆಯ ಮೇಲೆ ಬರೆಯುತ್ತಿದ್ದವನು ನಾನೇ. ನನ್ನ ಕಣ್ಣೆದುರಿನ ಆಧಾರವನ್ನು ನೋಡದೆ ಒಂದು ಮಗುವಿನ ಮೇಲೆ ತೀರ್ಪು ಕೊಟ್ಟವನೂ ನಾನೇ. ಯಂತ್ರದ ತಪ್ಪೇ ಆಗಿತ್ತೆಂದು ಇಂದೂ ನಾನು ಹೇಳಲಾರೆ. ಆದರೆ ಅವನ ತಪ್ಪೆಂದು ಹೇಳಲು ನನ್ನಲ್ಲಿ ಏನೊಂದು ಆಧಾರವೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಮಗನಿಗೆ ಇದನ್ನೆಲ್ಲ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಎಲ್ಲ ತಿರುಪುಗಳನ್ನೂ ಬದಲಿಸೋಣ, ಅಪ್ಪಾ” ಎಂದ. ಬದಲಿಸಿದೆವು. ಮತ್ತೊಂದು ತೀರ್ಮಾನವನ್ನೂ ಮಾಡಿದೆವು. ನಮ್ಮ ಯಂತ್ರ ಗ್ರೀನ್‌ಮನ್ನರ ಯಂತ್ರಕ್ಕಿಂತಲೂ ಹಳೆಯದು. ಅದರ ಗರಗಸಕ್ಕೆ ಇರಬೇಕಾದ ರಕ್ಷಾಕವಚ ನಮಗೆ ಸಿಕ್ಕಿರಲಿಲ್ಲ. ಕವಚವಿಲ್ಲದೆ ಇಟ್ಟರೆ ನೋಡುವವರಿಗೆ ಹಳೆಯ ಯಂತ್ರ ಅಂದವಾಗಿ ಕಾಣುತ್ತದೆ ನಿಜ. ಆದರೂ ಗರಗಸದ ಅಲಗನ್ನು ಕಾಗದದಲ್ಲಿ ಸುತ್ತಿ ಮೇಲಿನ ಕಪಾಟಿನಲ್ಲಿಟ್ಟೆವು. ಐದು ಕೆಲಸದ ಯಂತ್ರ ಈಗ ನಾಲ್ಕು ಕೆಲಸವನ್ನಷ್ಟೇ ಮಾಡುತ್ತದೆ. ಜೀರ್ಣೋದ್ಧಾರವೆಂದರೆ ಹಳೆಯದರ ಚೆಲುವಿನೊಡನೆ ಅದರ ಅಪಾಯವನ್ನೂ ಮರಳಿ ಪ್ರತಿಷ್ಠಾಪಿಸುವುದಲ್ಲವಷ್ಟೆ.

ಮುಂದಿನ ವಾರ ಮುಖಕ್ಕೆ ಪಾರದರ್ಶಕ ಕವಚ ಕಟ್ಟಿಕೊಂಡು, ಮೊಮ್ಮಗಳನ್ನು ಗೆರೆಯ ಆಚೆ ನಿಲ್ಲಿಸಿ, ಮಗ ಬುಗುರಿ ಕಡೆದ. ಅದು ಸ್ವಲ್ಪ ಓರೆಯಾಗಿಯೇ ತಿರುಗುತ್ತದೆ. ಅವಳಿಗೆ ಅದರಿಂದ ಬೇಸರವಿಲ್ಲ.

ಈ ಪುಟವನ್ನು ನನ್ನ ಹಳೆಯ ವಿದ್ಯಾರ್ಥಿಗಳು ಓದುತ್ತಾರೆ. ಆ ಹುಡುಗನೂ ಓದುತ್ತಿರಬಹುದು. ಈಗ ಅವನೂ ಐವತ್ತು ದಾಟಿರಬೇಕು, ಹುಬ್ಬಿನ ಮೇಲೆ ಗಾಯದ ಗುರುತು ಉಳಿದಿರಬೇಕು. ಅವನ ಹೆಸರನ್ನು ಇಲ್ಲಿ ಬರೆಯುವುದು ಉಚಿತವಲ್ಲ. ಓದಿದರೆ ಅವನಿಗೇ ತಿಳಿಯುತ್ತದೆ. ಅಪ್ಪಾ, ಅಂದು ನೀನು ಹೇಳಿದ್ದನ್ನು ನಾನು ಕೇಳಬೇಕಾಗಿತ್ತು. ಕೊಠಡಿಗೆ ಹೋಗಿ ಆ ತಿರುಪನ್ನು ಮುಟ್ಟಿ ನೋಡಬೇಕಾಗಿತ್ತು. ಆ ವಾಕ್ಯವನ್ನು ನಾನು ಇಂದು ಇಲ್ಲಿ ಹೊಡೆದುಹಾಕುತ್ತಿದ್ದೇನೆ. ನಿನ್ನ ಮೇಷ್ಟ್ರನ್ನು ಕ್ಷಮಿಸು.