ಹಿರಿಯರಿಗೆ ಆಸ್ಪತ್ರೆ ಹಾಸಿಗೆಗಳ ಯೋಜನೆ: ಪಶ್ಚಿಮ ಬೆಂಗಳೂರು

ರಾಜಾಜಿನಗರದಲ್ಲಿ ಆಸ್ಪತ್ರೆ ಹಾಸಿಗೆಗಳ ಲೆಕ್ಕ ಶುರುವಾದದ್ದು ದುಡಿಯುವವರಿಗಾಗಿ. ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿಯ 1946ರ ವರದಿಯ ಪ್ರಕಾರ ಆಗ ದೇಶದಲ್ಲಿ ಸಾವಿರ ಜನರಿಗೆ 0.24 ಹಾಸಿಗೆ ಇತ್ತು; ಅದನ್ನು ಮುಂದೆ 5.67ಕ್ಕೆ ಏರಿಸಬೇಕೆಂದು ಸಮಿತಿ ಹೇಳಿತು. ಅದು ಇಡೀ ದೇಶದ ತಲೆಯೆಣಿಕೆಯ ಲೆಕ್ಕ; ರಾಜಾಜಿನಗರದ್ದು ಕಾರ್ಮಿಕರ ಲೆಕ್ಕ. 1948ರ ಕಾಯ್ದೆಯಿಂದ ಹುಟ್ಟಿದ ಕಾರ್ಮಿಕರ ರಾಜ್ಯ ವಿಮೆ (ಇಎಸ್‌ಐ) 1958ರಲ್ಲಿ ಬೆಂಗಳೂರಿಗೆ ಬಂತು. ಕಾಯಿಲೆ, ಹೆರಿಗೆ, ಕೆಲಸದಲ್ಲಾದ ಗಾಯಗಳಿಗೆಂದು ರೂಪುಗೊಂಡ ಆ ವ್ಯವಸ್ಥೆಯ ಆಸ್ಪತ್ರೆಯೇ ರಾಜಾಜಿನಗರದ ಇಎಸ್‌ಐ.

ಕಾರ್ಮಿಕರಿಗೆ ವಯಸ್ಸಾಯಿತು. ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಾರ್ಖಾನೆಯಿದ್ದ ಜಾಗದಲ್ಲಿ ಬ್ರಿಗೇಡ್ ಗೇಟ್‌ವೇ ಸಮುಚ್ಚಯ ಎದ್ದು, ಅದರೊಳಗೆ ಖಾಸಗಿ ಆಸ್ಪತ್ರೆಯೂ ಬಂತು. ಆದರೂ ಹಳೆಯ ಕಾರ್ಮಿಕರಿಗೆ ಇಎಸ್‌ಐ ಬಾಗಿಲು ತೆರೆದೇ ಇದೆ: ಐದು ವರ್ಷ ವಿಮೆಯಲ್ಲಿದ್ದು ನಿವೃತ್ತರಾದವರು ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ದಂಪತಿಗೆ ಇಎಸ್‌ಐ ಚಿಕಿತ್ಸೆ ಸಿಗುತ್ತದೆ. ಈ ಭಾಗದ ಹಿರಿಯರಿಗೆ ಇಷ್ಟು ಉಪಕಾರ ಮಾಡಿದ ನಿಯಮ ಅಪರೂಪ. ಆದರೆ ಸಂಬಳವು ವಿಮೆಯ ಮಿತಿ ದಾಟಿ ನಿವೃತ್ತಿಗೆ ಮೊದಲೇ ಯೋಜನೆಯಿಂದ ಹೊರಬಿದ್ದವರಿಗೆ ಆ ಬಾಗಿಲು ಬಹುಕಾಲ ಮುಚ್ಚಿತ್ತು.

ಇನ್ನು ಇಎಸ್‌ಐ ಹೊರಗಿನ ಮಾತು: ಸರ್ಕಾರಿ ಆಸ್ಪತ್ರೆಗಳು ಸಾಧ್ಯವಾದಷ್ಟೂ ಹಿರಿಯರಿಗೆ ಹಾಸಿಗೆ ಕೊಡಬೇಕೆಂದು 2007ರ ಹಿರಿಯ ನಾಗರಿಕರ ಕಾಯ್ದೆಯ 20ನೇ ಕಲಂ ಹೇಳಿತು. 2010–11ರಲ್ಲಿ ಆರಂಭವಾದ ರಾಷ್ಟ್ರೀಯ ಹಿರಿಯರ ಆರೋಗ್ಯ ಕಾರ್ಯಕ್ರಮವು ಜಿಲ್ಲಾ ಆಸ್ಪತ್ರೆಗೆ 10 ಹಾಸಿಗೆಗಳ ವಾರ್ಡನ್ನು ನಿಗದಿಮಾಡಿತು. ಸಣ್ಣ ಜಿಲ್ಲೆಗೆ ಅದೊಂದು ಆರಂಭವಾದೀತು. 2011ರ ಜನಗಣತಿಯಲ್ಲೇ 96 ಲಕ್ಷ ಜನರಿದ್ದ ಬೆಂಗಳೂರು ನಗರ ಜಿಲ್ಲೆಗೆ ಈ ಅಳತೆ ಹೊಂದುವುದೇ ಇಲ್ಲ.

ಹಾಸಿಗೆಯ ಲೆಕ್ಕದಲ್ಲಿ ರೋಗಿಗಳ ಸಂಖ್ಯೆಯಷ್ಟೇ ಅವರು ಉಳಿಯುವ ದಿನಗಳೂ ಮುಖ್ಯ. ವರ್ಷಕ್ಕೆ 1000 ಹಿರಿಯರು ದಾಖಲಾಗಿ ಸರಾಸರಿ 10 ದಿನ ಉಳಿದರು ಎನ್ನೋಣ. ಶೇ. 85ರಷ್ಟು ಹಾಸಿಗೆಗಳು ಸದಾ ತುಂಬಿರುತ್ತವೆಂದು ಹಿಡಿದರೆ ಸುಮಾರು 32 ಹಾಸಿಗೆ ಬೇಕು. ಏಳೇ ದಿನಕ್ಕೆ ಮನೆಗೆ ಹೋಗುವಂತಾದರೆ 23 ಸಾಕು. 1935ರ ನಂತರ ಲಂಡನ್ನಿನ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಡಾ. ಮಾರ್ಜರಿ ವಾರೆನ್ ಹೀಗೆ ಉಳಿಯುವ ದಿನಗಳನ್ನು ಇಳಿಸಿ ತೋರಿಸಿದರು. ವರ್ಷಗಟ್ಟಲೆ ಮಲಗಿದ್ದವರನ್ನು ಪರೀಕ್ಷಿಸಿ, ಎಬ್ಬಿಸಿ ನಡೆಸಿ, ಅನೇಕರನ್ನು ಮನೆಗೆ ಕಳಿಸಿ ಹಾಸಿಗೆಗಳನ್ನು ತೆರವು ಮಾಡಿದರು.

ಬಸವೇಶ್ವರನಗರದ ಮಹಡಿ ಮನೆಯಲ್ಲಿ ಒಬ್ಬರೇ ಇರುವ, ಸೊಂಟದ ಮೂಳೆ ಮುರಿದ ಅಜ್ಜಿಯನ್ನು ಏಳನೇ ದಿನ ಡಿಸ್ಚಾರ್ಜ್ ಮಾಡಬೇಕಾದರೆ ಮನೆಗೆ ನರ್ಸ್, ಫಿಸಿಯೋಥೆರಪಿಸ್ಟ್ ಬರಬೇಕು. ಹಾಸಿಗೆ ಹಿಡಿದವರ ಮನೆಭೇಟಿ 2010–11ರ ರಾಷ್ಟ್ರೀಯ ಕಾರ್ಯಕ್ರಮದಲ್ಲೇ ಇತ್ತು. ಆದರೆ ಅದನ್ನು ಹೊರಿಸಿದ್ದು ಹಳ್ಳಿಯ ಉಪಕೇಂದ್ರಗಳ ವ್ಯವಸ್ಥೆಯ ಮೇಲೆ. ರಾಜ್ಯದ ನಗರಗಳಲ್ಲಿ 2022ರ ಕೊನೆಯಿಂದ ‘ನಮ್ಮ ಕ್ಲಿನಿಕ್’ ಎಂಬ ಸರ್ಕಾರಿ ಕ್ಲಿನಿಕ್‌ಗಳು ಬಂದಿವೆ. ವಿಜಯನಗರ, ಕೆಂಗೇರಿಗಳ ಹಾಸಿಗೆ ಲೆಕ್ಕ ಹಾಕುವವರು ಈ ಕ್ಲಿನಿಕ್‌ಗಳಿಂದ ಮನೆಭೇಟಿಗೆ ಎಷ್ಟು ಮಂದಿಯನ್ನು ಕಳಿಸಬಹುದು ಎಂಬುದನ್ನೂ ಅದರಲ್ಲಿ ಸೇರಿಸಬೇಕು.