ಮಿದುಳಿನ ಆರ್ಗನಾಯ್ಡ್
ಮಾನವ ಕಾಂಡಕೋಶಗಳಿಂದ ಪ್ರಯೋಗಾಲಯದಲ್ಲಿ ಬೆಳೆಸುವ, ಕೆಲವೇ ಮಿಲಿಮೀಟರ್ ಗಾತ್ರದ ನರ ಅಂಗಾಂಶ. ಈ ಕ್ಷೇತ್ರದ ಪ್ರಮುಖ ತಂಡಗಳಲ್ಲೊಂದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸೆರ್ಜಿಯು ಪಾಷ್ಕಾ ಅವರದು. ರೋಗಿಯ ಚರ್ಮದ ಕೋಶಗಳನ್ನು ಕಾಂಡಕೋಶದ ಸ್ಥಿತಿಗೆ ಮರಳಿಸಿ, ಪೋಷಕ ದ್ರವದಲ್ಲಿ ತಿಂಗಳುಗಟ್ಟಲೆ ಸಾಕಿದರೆ ಅವು ನರಕೋಶಗಳಾಗಿ ರೂಪುಗೊಳ್ಳುತ್ತವೆ. ಬದುಕಿರುವ ರೋಗಿಯ ಮಿದುಳನ್ನು ಬಗೆದು ನೋಡಲಾಗದು. ಈ ವಿಧಾನದ ದೊಡ್ಡ ಮಹತ್ವ ಇರುವುದು ಅಲ್ಲೇ.

ಆದರೆ ಆರ್ಗನಾಯ್ಡ್‌ನಲ್ಲಿ ರಕ್ತನಾಳಗಳಿಲ್ಲದ್ದರಿಂದ ಒಳಭಾಗಕ್ಕೆ ಆಮ್ಲಜನಕ ಸಾಲದೆ ಬೆಳವಣಿಗೆ ಕುಂಟುತ್ತದೆ. 2022ರಲ್ಲಿ ಪಾಷ್ಕಾ ತಂಡವು ಆರ್ಗನಾಯ್ಡ್‌ಗಳನ್ನು ಇಲಿಮರಿಗಳ ಮಿದುಳಿಗೆ ಕಸಿ ಮಾಡಿದ ಪ್ರಯೋಗವನ್ನು ಪ್ರಕಟಿಸಿತು. ಇಲಿಯ ರಕ್ತನಾಳಗಳು ಕಸಿಯೊಳಗೆ ಹಬ್ಬಿದವು. ಮೀಸೆ ಅಲುಗಿಸಿದಾಗ ಮಾನವ ನರಕೋಶಗಳೂ ಸ್ಪಂದಿಸಿದವು. ಟಿಮೊಥಿ ಸಿಂಡ್ರೋಮ್ ಎಂಬ ಅಪರೂಪದ ಆನುವಂಶಿಕ ಕಾಯಿಲೆಯ ಸಂಭಾವ್ಯ ಚಿಕಿತ್ಸೆಯೊಂದನ್ನು 2024ರಲ್ಲಿ ಇದೇ ವಿಧಾನದಿಂದ ಪರೀಕ್ಷಿಸಲಾಯಿತು.

ಆರ್ಗನಾಯ್ಡ್‌ಗಳಿಗೆ ಯೋಚಿಸುವ ಶಕ್ತಿಯಿದೆ ಎನ್ನಲು ಆಧಾರವಿಲ್ಲ. ಆದರೂ ಪ್ರಾಣಿಗಳಲ್ಲಿ ಕಸಿ ಮಾಡುವ ಪ್ರಯೋಗಗಳಿಗೆ ಕಟ್ಟುನಿಟ್ಟಾದ ನೈತಿಕ ನಿಗಾ ಅತ್ಯಗತ್ಯ.